ಹಮೀದಾಕನ ಕಿವಿ

ಬಂಟ್ವಾಳದ ಕೆಳಗಿನ ಪೇಟೆಯಲ್ಲಿ ಹೆಡ್‌ಫೋನ್ ಕೊಳ್ಳಲು ಶಾಹುಲ್ ಹಮೀದರ ಅಂಗಡಿಗೆ ಹೋದವರು ಅರ್ಧ ಗಂಟೆಯ ಒಳಗೆ ಹೊರಗೆ ಬಂದದ್ದಿಲ್ಲ. ಹತ್ತಡಿ ಅಗಲದ ಅಂಗಡಿ, ‘ಜಸ್ನಾ ಸೌಂಡ್ಸ್’ ಎಂದು ಮಗಳ ಹೆಸರಿನ ಬೋರ್ಡು, ಒಳಗೆ ಎರಡು ಸ್ಟೂಲು. ಬೆಲೆ ಕೇಳಿದವರಿಗೆ ಅವರು ಬೆಲೆ ಹೇಳುತ್ತಿರಲಿಲ್ಲ, ಸ್ಟೂಲು ತೋರಿಸುತ್ತಿದ್ದರು. ಎಂತ ಕೇಳ್ತೀರಿ, ಯಾವುದರಲ್ಲಿ ಕೇಳ್ತೀರಿ, ಎಲ್ಲಿ ಕೂತು ಕೇಳ್ತೀರಿ ಎಂದು ನಿಧಾನವಾಗಿ ವಿಚಾರಿಸಿ, ಆಮೇಲೆ ಎದ್ದು ಹಿಂದಿನ ಕಪಾಟಿನಿಂದ ಒಂದೇ ಒಂದು ಪೆಟ್ಟಿಗೆ ತರುತ್ತಿದ್ದರು. ಎರಡನೆಯದನ್ನು ತೋರಿಸುವ ಪದ್ಧತಿ ಇರಲಿಲ್ಲ. ಊರಿನವರಿಗೆ ಅವರು ಹಮೀದಾಕ. ಹಮೀದಾಕ ಕೊಟ್ಟದ್ದು ಎಂದರೆ ಅದರ ಮೇಲೆ ಮಾತಿಲ್ಲ ಎನ್ನುವುದು ಬಿ.ಸಿ. ರೋಡಿನಿಂದ ಮೂಡುಬಿದಿರೆಯವರೆಗೂ ಗೊತ್ತಿದ್ದ ಸಂಗತಿ.

ದುಬೈಯ ದೇರಾದಲ್ಲಿ ಹದಿನೇಳು ವರ್ಷ ಅವರು ಆಡಿಯೋ ಅಂಗಡಿಯೊಂದರಲ್ಲಿ ದುಡಿದಿದ್ದರು. ಊರಿಗೆ ಮರಳಿದಾಗ ಜೊತೆಗಿದ್ದವರು ಚಿನ್ನ ತಂದರು, ಜಾಗ ತೆಗೆದುಕೊಂಡರು. ಇವರು ತಂದದ್ದು ಎರಡು ಟ್ರಂಕು ತುಂಬ ಹೆಡ್‌ಫೋನುಗಳನ್ನು. ಅದನ್ನು ಕಂಡು ಅವರ ಮಾವ ಎರಡು ದಿನ ಮಾತು ಬಿಟ್ಟಿದ್ದರಂತೆ. ಹೆಂಡತಿ ಖತೀಜಮ್ಮ ಮಾತು ಬಿಡಲಿಲ್ಲ, ಹೊಲಿಗೆ ಮೆಷಿನ್ನಿನ ಮುಂದೆ ಕೂತರು. ಕಿವಿಯ ಮೇಲೆ ಕೂರುವ ರೆಕ್ಸಿನಿನ ದಿಂಬು ನಮ್ಮ ಊರಿನ ಬೆವರಿಗೆ, ಮಳೆಗಾಲದ ಬೂಸ್ಟಿಗೆ ಒಂದೇ ವರ್ಷದಲ್ಲಿ ಸಿಪ್ಪೆ ಸಿಪ್ಪೆಯಾಗಿ ಎದ್ದು ಬರುತ್ತದೆ. ಆಕೆ ಹಳೆಯ ಹತ್ತಿ ಬಟ್ಟೆಯಲ್ಲಿ ಅದಕ್ಕೆ ಟೊಪ್ಪಿಯಂಥ ಹೊದಿಕೆ ಹೊಲಿದುಕೊಟ್ಟರು. ಅಂಗಡಿಯಿಂದ ಹೋಗುವ ಪ್ರತಿ ದೊಡ್ಡ ಹೆಡ್‌ಫೋನಿನ ಜೊತೆಗೂ ಇವತ್ತಿಗೂ ಒಂದು ಜೋಡಿ ಟೊಪ್ಪಿ ಹೋಗುತ್ತದೆ.

ಹಮೀದಾಕನಿಗೆ ತನ್ನ ವಿದ್ಯೆಯ ಮೇಲೆ ಹೆಮ್ಮೆ ಇತ್ತು, ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ. ಪಾಣೆಮಂಗಳೂರಿನ ಅನ್ಸಾಫ್ ಎಂಬ ಯುವಕನಿಗೆ ಅವನ ಅಣ್ಣ ಕತಾರಿನಿಂದ ದುಬಾರಿ ಹೆಡ್‌ಫೋನ್ ಕಳಿಸಿದ್ದ. ಮೊಬೈಲಿಗೆ ಸಿಕ್ಕಿಸಿದರೆ ಪಕ್ಕದ ಮನೆಯಲ್ಲಿ ಯಾರೋ ಹಾಡಿದಷ್ಟೇ ಸ್ವರ. ಅಣ್ಣನಿಗೆ ಯಾರೋ ನಕಲಿ ಮಾಲು ಕಟ್ಟಿದ್ದಾರೆ ಎಂದು ಅವನು ಬೇಸರದಲ್ಲಿ ಬಂದ. ಹಮೀದಾಕ ಪೆಟ್ಟಿಗೆಯ ಹಿಂದಿನ ಅಂಕಿ ತೋರಿಸಿದರು. ಮುನ್ನೂರು ಓಮ್, ಅಂದರೆ ಕರೆಂಟಿಗೆ ಅಷ್ಟು ತಡೆ. ಇದು ನಕಲಿಯಲ್ಲ, ಇದನ್ನು ಎಬ್ಬಿಸಲು ಮೊಬೈಲಿನ ದಮ್ಮು ಸಾಲದು, ಅಷ್ಟೇ ಎಂದರು. ಅಂಗೈಯಗಲದ ಸಣ್ಣ ಆಂಪ್ಲಿಫೈಯರ್ ಒಂದನ್ನು ನಡುವೆ ಇಟ್ಟು ಕೇಳಿಸಿದಾಗ ಅನ್ಸಾಫ್ ಅಂಗಡಿಯಿಂದಲೇ ಅಣ್ಣನಿಗೆ ಫೋನು ಮಾಡಿದ.

ನರಿಕೊಂಬಿನ ಜಲಜಾಕ್ಷಿಯದ್ದು ಬೇರೆಯೇ ಲೆಕ್ಕಾಚಾರ. ಆಕೆ ದಿನವಿಡೀ ಬೀಡಿ ಕಟ್ಟುವವಳು, ಯಕ್ಷಗಾನ ಕೇಳುತ್ತಾ ಕಟ್ಟುವವಳು. ಕಿವಿಯೊಳಗೆ ತೂರಿಸುವ ಜಾತಿಯದ್ದನ್ನು ಕೇಳಿಕೊಂಡು ಬಂದಿದ್ದಳು. ಹಮೀದಾಕ ಕೊಡಲಿಲ್ಲ. ಕುಕ್ಕರಿನ ಸೀಟಿ ಕೇಳಬೇಕು, ಗೇಟಿನಲ್ಲಿ ಯಾರಾದರೂ ಕರೆದರೆ ಕೇಳಬೇಕು, ಹಾಗಾಗಿ ಹೊರಗಿನ ಸದ್ದು ಒಳಗೆ ಬರುವ, ಕಿವಿಯ ಮೇಲೆ ಸುಮ್ಮನೆ ಕೂರುವ ಹಗುರದ ಸ್ಪಂಜಿನದ್ದು ಬೇಕು. ತಂತಿ ಎದುರಿಗೆ ಬಂದರೆ ಮಡಿಲಿನ ಮೊರದಂಥ ತಡ್ಪೆಯಲ್ಲಿ ಹರಡಿದ ಎಲೆ, ತಂಬಾಕಿನ ಹುಡಿಗೆ ತಾಗುತ್ತದೆ, ಹಾಗಾಗಿ ಅದನ್ನು ಬೆನ್ನ ಹಿಂದಿನಿಂದ ತಂದು ಕ್ಲಿಪ್ಪು ಹಾಕಬೇಕು. ಇಷ್ಟೆಲ್ಲ ಯೋಚಿಸಿ ಹುಡುಕಿ ಕೊಟ್ಟಿದ್ದರು.

ಹೀಗಿರುವಾಗ, ಎರಡು ವರ್ಷದ ಹಿಂದೆ, ಮಳೆ ಬಿಟ್ಟ ಮೇಲಿನ ಒಂದು ಬೆಳಿಗ್ಗೆ ಪುತ್ತಿಗೆಯ ಮಾಯಿಲಪ್ಪ ಅಂಗಡಿಗೆ ಬಂದರು. ವಯಸ್ಸು ಎಪ್ಪತ್ತೊಂದು, ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರು. ಕೆಲಸದಲ್ಲಿದ್ದಾಗಲೇ ಅವರಿಗೊಂದು ಹುಚ್ಚು ಹಿಡಿದಿತ್ತು. ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆ ಎಲ್ಲಿ ಆದರೂ ಎರಡು ಮೈಕು, ಒಂದು ಟೇಪ್ ಡೆಕ್ಕು ಹೊತ್ತುಕೊಂಡು ಹೋಗಿ ರೆಕಾರ್ಡು ಮಾಡುವುದು. ಹಾಗೆ ಸೇರಿದ ಕ್ಯಾಸೆಟ್ಟುಗಳು ಮುನ್ನೂರಕ್ಕೂ ಮಿಕ್ಕಿ ಮನೆಯಲ್ಲಿದ್ದವು. ಈಗ ಮಗಳು ಹರಿಣಾಕ್ಷಿ ಸಂಜೆ ಚಾವಡಿಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಅಪ್ಪನ ಸ್ಪೀಕರಿನಲ್ಲಿ ಇಬ್ಬರು ಅರ್ಥಧಾರಿಗಳು ವಾದಕ್ಕೆ ನಿಂತರೆ ಮಕ್ಕಳ ಮಗ್ಗಿ ನಿಂತುಹೋಗುತ್ತಿತ್ತು. ಮಗಳು ಗದರಲಿಲ್ಲ, ಒಂದು ಹೆಡ್‌ಫೋನ್ ತನ್ನಿ ಅಪ್ಪ ಎಂದು ಬಸ್ಸಿಗೆ ಹತ್ತಿಸಿದಳು.

ಹಮೀದಾಕನಿಗೆ ಇಂಥ ಗಿರಾಕಿ ವರ್ಷಕ್ಕೊಬ್ಬ ಸಿಕ್ಕಿದರೆ ಹೆಚ್ಚು. ಮಾಯಿಲಪ್ಪ ತಮ್ಮ ಆಂಪ್ಲಿಫೈಯರಿನ ಫೋಟೋವನ್ನೂ ತಂದಿದ್ದರು. ದಪ್ಪ ಪಿನ್ನು ಹೋಗುವ ಹಳೆಯ ಕಾಲದ ತೂತು. ಅದಕ್ಕೆ ಮೊಬೈಲಿನ ಇಯರ್‌ಫೋನ್ ಹಾಕಿದರೆ ‘ಸುಂಯ್’ ಎಂಬ ಹಿನ್ನೆಲೆಯ ಸದ್ದೇ ಎದ್ದು ಕೇಳುತ್ತದೆ, ಇದಕ್ಕೆ ಹೆಚ್ಚು ಓಮ್‌ನದ್ದೇ ಆಗಬೇಕು ಎಂದು ಹಮೀದಾಕ ವಿವರಿಸಿದರು. ಗಂಟೆಗಟ್ಟಲೆ ಕೇಳುವವರಾದ್ದರಿಂದ ತಲೆಯನ್ನು ಒತ್ತಬಾರದು, ಇಡೀ ಕಿವಿ ಒಳಗೆ ಕೂರುವಷ್ಟು ದೊಡ್ಡ ಬಟ್ಟಲಿರಬೇಕು. ಹೀಗೆ ಒಂದೊಂದನ್ನೇ ತೂಗಿ, ಕಪಾಟಿನ ಮೇಲಿನ ಅಂತಸ್ತಿನಿಂದ ಒಂದನ್ನು ಇಳಿಸಿದರು. ಮಾಯಿಲಪ್ಪ ಜೊತೆಗೆ ತಂದಿದ್ದ ಕ್ಯಾಸೆಟ್ಟು ಹಾಕಿ ಮೊದಲು ತಾವೇ ತಲೆಗಿಟ್ಟು ಕೇಳಿದರು. ಭಾಗವತರ ಕೈಯ ತಾಳ ಕನ್ನಡಿಯಷ್ಟು ನಿಚ್ಚಳವಾಗಿ ಕೇಳಿತು. ಮಾಯಿಲಪ್ಪ ಇಟ್ಟುಕೊಂಡು ಒಂದೆರಡು ನಿಮಿಷ ಕೇಳಿದರು. ಚೆಂದ ಉಂಟು ಎಂದರು. ಖತೀಜಮ್ಮನ ಟೊಪ್ಪಿಗಳ ಸಮೇತ ಅದನ್ನು ಕಟ್ಟಿಸಿಕೊಂಡು ಸಿದ್ಧಕಟ್ಟೆ ಮಾರ್ಗದ ಬಸ್ಸಿನಲ್ಲಿ ಹೊರಟರು.

ವಾರ ಕಳೆದು ಅವರು ಮತ್ತೆ ಬಂದರು. ತಾಳ ಕಿವಿಗೆ ಚುಚ್ಚುತ್ತದೆ ಎಂದು ಮೆಲ್ಲಗೆ ಹೇಳಿದರು. ಹಮೀದಾಕ ತಲೆಗಿಟ್ಟು ಕೇಳಿದರು. ಎಲ್ಲ ಸರಿ ಇತ್ತು. ಟೇಪಿನ ಹೆಡ್ಡಿನಲ್ಲಿ ಕೊಳೆ ಕೂತಿರಬಹುದು ಎಂದು ತೊಳೆಯುವ ಔಷಧಿಯ ಸಣ್ಣ ಬಾಟ್ಲಿ ಕೊಟ್ಟು ಕಳಿಸಿದರು. ಹದಿನೈದು ದಿನ ಬಿಟ್ಟು ಮಾಯಿಲಪ್ಪ ಮೂರನೆಯ ಸಲ ಬಂದರು. ಹೆಡ್ಡು ತೊಳೆದಾಯಿತು, ಬೇರೆ ಬೇರೆ ಕ್ಯಾಸೆಟ್ಟು ಹಾಕಿ ನೋಡಿದ್ದಾಯಿತು. ಮಾತು ಅಡ್ಡಿಲ್ಲ, ತಾಳ ಬಿದ್ದಾಗಲೆಲ್ಲ ಸೂಜಿ ಹಾಕಿದ ಹಾಗೆ ಆಗುತ್ತದೆ ಎಂದರು.

ಅದೇ ವರ್ಷ ಇದೇ ದೂರು ಹೇಳಿ ಇನ್ನಿಬ್ಬರು ಹೆಡ್‌ಫೋನ್ ಹಿಂತಿರುಗಿಸಿದ್ದರು. ಆ ಸಿಟ್ಟೂ ಒಳಗೆ ಸ್ವಲ್ಪ ಇತ್ತೋ ಏನೋ. ಹಮೀದಾಕ ಮತ್ತೊಮ್ಮೆ ಕೇಳಿ, ಅದನ್ನು ಕೌಂಟರಿನ ಮೇಲಿಟ್ಟರು.

"ಮಾಯಿಲಪ್ಪಣ್ಣ, ಬೇಸರ ಮಾಡಬೇಡಿ" ಎಂದರು. "ಇದರಲ್ಲಿ ಎಂತದೂ ದೋಷ ಇಲ್ಲ. ನಮಗೆ ವಯಸ್ಸಾದ ಹಾಗೆ ಕಿವಿ ಕೆಲವು ಸ್ವರ ಹಿಡಿಯುವುದಿಲ್ಲ, ಕೆಲವು ಸ್ವರ ತಡೆಯುವುದಿಲ್ಲ. ಒಮ್ಮೆ ಡಾಕ್ಟರಿಗೆ ತೋರಿಸಿ ನೋಡಿ."

ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಮಾಯಿಲಪ್ಪ "ಇರಬಹುದು" ಎಂದಷ್ಟೇ ಹೇಳಿ ಕೊಡೆ ತೆಗೆದುಕೊಂಡರು. ಹೆಡ್‌ಫೋನ್ ಕೌಂಟರಿನ ಮೇಲೆಯೇ ಉಳಿಯಿತು. ದುಡ್ಡು ಹಿಂದೆ ಕೇಳಲಿಲ್ಲ, ತಿರುಗಿ ನೋಡಲೂ ಇಲ್ಲ.

ಮಧ್ಯಾಹ್ನ ಊಟಕ್ಕೆ ಹೋಗುವಾಗ ಹಮೀದಾಕ ಅದನ್ನು ಮನೆಗೆ ಒಯ್ದರು. ಟೊಪ್ಪಿ ತೆಗೆದು ಒಗೆಯಲಿಕ್ಕೆ ಹಾಕಬೇಕಿತ್ತು. ಖತೀಜಮ್ಮ ಆಗ ಮೊಬೈಲಿನಲ್ಲಿ ಜಸ್ನಾ ಶಾರ್ಜಾದಿಂದ ಕಳಿಸಿದ ವಾಯ್ಸ್ ಮೆಸೇಜು ಕೇಳಬೇಕೆಂದು ಕೂತಿದ್ದರು. ಮಗಳು ಸಣ್ಣ ಸಂಗತಿಯನ್ನೂ ಉದ್ದಕ್ಕೆ ಹೇಳುವವಳು. ಒಳ್ಳೆಯದರಲ್ಲೇ ಕೇಳು ಎಂದು ಹಮೀದಾಕ ಸಣ್ಣ ಆಂಪ್ಲಿಫೈಯರಿಗೆ ಸಿಕ್ಕಿಸಿ ಆಕೆಯ ತಲೆಗೆ ಅದನ್ನು ಇಟ್ಟರು. ಖತೀಜಮ್ಮ ಎರಡು ವಾಕ್ಯ ಕೇಳುವುದರೊಳಗೆ ಮುಖ ಹಿಂಡಿ ಅದನ್ನು ಕಳಚಿದರು.

"ಇದೆಂತ ಇದು? ಅವಳು ಸ ಅಂತ ಹೇಳುವಾಗೆಲ್ಲ ಕಿವಿಯೊಳಗೆ ಗರಗಸ ಎಳೆದ ಹಾಗೆ ಆಗ್ತದೆ."

ಹಮೀದಾಕ ಕೇಳಿದರು. ಮಗಳ ಸ್ವರ ಹಾಲಿನಷ್ಟು ನಯವಾಗಿತ್ತು. ಸ, ಶ, ಚ ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಮತ್ತೊಮ್ಮೆ ಕೇಳಿದರು. ಹೆಂಡತಿಯ ಮುಖ ನೋಡಿದರು. ಆಕೆ ಸುಳ್ಳು ಹೇಳುವವರಲ್ಲ, ಅಳತೆ ಮೀರಿ ಹೇಳುವವರೂ ಅಲ್ಲ.

ಖತೀಜಮ್ಮ ಮೊಬೈಲು ಬದಿಗಿಟ್ಟರು. ಆಮೇಲೆ ಹೇಳಿದರು: "ಫ್ರಿಜ್ಜಿನ ಬಾಗಿಲು ಸರಿಯಾಗಿ ಹಾಕದಿದ್ದರೆ ಅದು ಕೀಂ ಕೀಂ ಅಂತ ಕೂಗ್ತದೆ. ನೀವು ಅದರ ಎದುರೇ ಕೂತು ಪೇಪರ್ ಓದ್ತೀರಿ. ನಾನೇ ಹೋಗಿ ಮುಚ್ಚುತ್ತೇನೆ. ಎರಡು ವರ್ಷ ಆಯ್ತು."

ಯಾಕೆ ಹೇಳಲಿಲ್ಲ ಎಂದು ಹಮೀದಾಕ ಕೇಳಿದರು. ಕಿವಿಯಿಂದ ಅನ್ನ ತಿನ್ನುವ ಮನುಷ್ಯನಿಗೆ ಅದನ್ನು ಹೇಗೆ ಹೇಳುವುದು ಎಂದು ಖತೀಜಮ್ಮ ತಟ್ಟೆ ತೆಗೆಯುತ್ತಾ ಹೇಳಿದರು. ಆಕೆಯ ಸ್ವರದಲ್ಲಿ ಗದರಿಕೆ ಇರಲಿಲ್ಲ. ಅದು ಅವರಿಗೆ ಇನ್ನಷ್ಟು ಕಷ್ಟವಾಯಿತು.

ಮರುದಿನ ಮಂಗಳೂರಿಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿದರು. ದಪ್ಪ ಬಾಗಿಲಿನ ಸಣ್ಣ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಇಟ್ಟು, ಸ್ವರ ಕೇಳಿದಾಗ ಗುಂಡಿ ಒತ್ತಬೇಕೆಂದರು. ಆ ಹೆಡ್‌ಫೋನಿನ ದಿಂಬು ಸಿಪ್ಪೆ ಎದ್ದದ್ದನ್ನು ಹಮೀದಾಕ ಅಂಥ ಹೊತ್ತಿನಲ್ಲೂ ಗಮನಿಸಿದರು. ಮೊದಮೊದಲು ಸ್ವರಗಳು ಒಂದರ ಹಿಂದೆ ಒಂದು ಬಂದವು, ಇವರು ಒತ್ತುತ್ತಾ ಹೋದರು. ಆಮೇಲೆ ಏನೂ ಬರಲಿಲ್ಲ. ಪರೀಕ್ಷೆ ಮುಗಿಯಿತೆಂದು ಗಾಜಿನಾಚೆ ನೋಡಿದರೆ ಪರೀಕ್ಷೆ ಮಾಡುವ ಹುಡುಗಿ ತಲೆ ತಗ್ಗಿಸಿ ಮೆಷಿನ್ನಿನ ಗುಂಡಿ ತಿರುಗಿಸುತ್ತಲೇ ಇದ್ದಳು. ಆಗ ಅವರಿಗೆ ಅರ್ಥವಾಯಿತು. ಅವಳು ಸ್ವರ ಕಳಿಸುತ್ತಿದ್ದಾಳೆ, ತನಗೆ ಅದು ತಲುಪುತ್ತಿಲ್ಲ. ಆ ಕೆಲವು ನಿಮಿಷ ಅವರು ಕೈಯಲ್ಲಿ ಗುಂಡಿ ಹಿಡಿದು, ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಮಗುವಿನ ಹಾಗೆ ಕೂತರು.

ಕಾಗದದಲ್ಲಿ ಗೆರೆ ಅರ್ಧದವರೆಗೆ ನೆಟ್ಟಗೆ ಬಂದು, ಅಲ್ಲಿಂದ ಆಚೆಗೆ ಹೊಳೆಗಿಳಿಯುವ ಮೆಟ್ಟಿಲಿನ ಹಾಗೆ ಕೆಳಕ್ಕೆ ಇಳಿದಿತ್ತು. ವಯಸ್ಸಿಗೆ ಹೀಗಾಗುವುದುಂಟು, ನಿಮ್ಮದು ಸ್ವಲ್ಪ ಜಾಸ್ತಿ, ಮಾತುಕತೆಗೆ ಸದ್ಯಕ್ಕೆ ತೊಂದರೆಯಿಲ್ಲ, ವರ್ಷಕ್ಕೊಮ್ಮೆ ಬಂದು ನೋಡಿಸಿ ಎಂದಳು ಹುಡುಗಿ. ಮಾತುಕತೆಗೆ ತೊಂದರೆಯಿಲ್ಲದ್ದು ಅವರಿಗೆ ಆ ಹೊತ್ತಿಗೆ ಸಮಾಧಾನ ಕೊಡಲಿಲ್ಲ. ಬಸ್ಸಿನಲ್ಲಿ ಬರುವಾಗ ಎಲ್ಲವೂ ಒಂದಕ್ಕೊಂದು ಸೇರಿತು. ಮೇಲಿನ ಸ್ವರಗಳು ತನಗೆ ಮಂಕಾಗುತ್ತಾ ಬಂದಿದ್ದವು. ಮಂಕಾದದ್ದು ತನ್ನ ಕಿವಿ ಎಂದು ತಿಳಿಯದೆ ಹೆಚ್ಚು ಹೆಚ್ಚು ಹರಿತವಾದ ಹೆಡ್‌ಫೋನುಗಳನ್ನು ಹುಡುಕಿ, ಇದೇ ಸರಿ ಎಂದು ಊರಿಗೆಲ್ಲ ಕೊಟ್ಟಿದ್ದೇನೆ. ಓಮ್ ಸರಿ, ಪಿನ್ನು ಸರಿ, ತೂಕ ಸರಿ. ಕೇಳುವ ಕಿವಿಯೊಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಹೊಂದಿಸಿದ್ದೇನೆ ಎಂದುಕೊಂಡರು.

ಯಾರು ಯಾರಿಗೆ ಕೊಟ್ಟದ್ದು ಎಂದು ಅವರಿಗೆ ಬಾಯಿಪಾಠ ಬರುತ್ತಿತ್ತು. ಅನ್ಸಾಫನಂತೆ ತಮ್ಮದೇ ಸಾಮಾನು ತಂದವರನ್ನು ಬಿಟ್ಟರೆ ಎರಡು ವರ್ಷದಲ್ಲಿ ಅಂಥ ಹರಿತದ್ದನ್ನು ಒಯ್ದವರು ಹದಿನೆಂಟು ಜನ. ಸ್ಕೂಟರ್ ತೆಗೆದುಕೊಂಡು ದಿನಕ್ಕಿಷ್ಟು ಎಂದು ಹೋದರು. ಕೆಲವರಿಗೆ ಏನೂ ತೊಂದರೆ ಇರಲಿಲ್ಲ, ಇವರ ಪ್ರಶ್ನೆ ಕೇಳಿಯೇ ಆಶ್ಚರ್ಯಪಟ್ಟರು. ಪೊಳಲಿಯಲ್ಲಿ ಒಬ್ಬರು ಅದನ್ನು ಗೋಡೆಯ ಮೊಳೆಗೆ ನೇತು ಹಾಕಿಬಿಟ್ಟಿದ್ದರು, ಇವರನ್ನು ಕಂಡು ಗಡಿಬಿಡಿಯಿಂದ ಧೂಳು ಒರೆಸಿದರು. ನರಿಕೊಂಬಿನಲ್ಲಿ ಜಲಜಾಕ್ಷಿ ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದಳು, ಹೆಡ್‌ಫೋನ್ ತಲೆಯ ಮೇಲೆಯೇ ಇತ್ತು. ಹಮೀದಾಕ ಅದನ್ನು ಕೈಗೆ ತೆಗೆದುಕೊಂಡು ನೋಡಿದರೆ ಸ್ಪಂಜಿನ ಒಳಗೆ ಎರಡೂ ಬದಿ ತೆಳ್ಳಗೆ ಹತ್ತಿಯ ಪದರ.

ಇದು ಯಾಕೆ ಎಂದು ಕೇಳಿದಾಗ ಅವಳು ನಾಚಿಕೊಂಡಳು. "ಚಕ್ರತಾಳದ ಕಂಚು ಬಡಿಯುವಾಗ ಸ್ವಲ್ಪ ನೋಯ್ತಿತ್ತು. ನೀವು ಕೊಟ್ಟದ್ದಲ್ಲವಾ ಹಮೀದಾಕ, ನನ್ನ ಕಿವಿಯದ್ದೇ ದೋಷ ಅಂತ ಎಣಿಸಿದೆ."

ಹಮೀದಾಕ ಹತ್ತಿಯನ್ನು ಮೆಲ್ಲನೆ ಮೊದಲಿನ ಹಾಗೆಯೇ ಒಳಗೆ ಕೂರಿಸಿದರು. ಬದಲಿಗೆ ಬೇರೆ ಕೊಡುತ್ತೇನೆ ಎಂದದ್ದಕ್ಕೆ ಜಲಜಾಕ್ಷಿ ಬೇಡವೇ ಬೇಡ ಎಂದಳು. ಹತ್ತಿ ಹಾಕಿದ ಮೇಲೆ ಅದು ಸರಿಯಾಗಿತ್ತು, ಅಭ್ಯಾಸವೂ ಆಗಿತ್ತು. ಒಂದು ಲೋಟ ಪುನರ್ಪುಳಿ ಶರಬತ್ತು ಕೊಟ್ಟು ಕಳಿಸಿದಳು.

ಪುತ್ತಿಗೆಗೆ ಹೋಗುವುದನ್ನು ಅವರು ಕೊನೆಗೆ ಇಟ್ಟುಕೊಂಡಿದ್ದರು. ಒಂದು ಮಂಗಳವಾರ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ, ಚೀಲದಲ್ಲಿ ನಾಲ್ಕು ಹೆಡ್‌ಫೋನ್ ತುಂಬಿಕೊಂಡು ಹೊರಟರು. ಮಾಯಿಲಪ್ಪನ ಹೆಂಡತಿ ಸೇಸಮ್ಮ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ಮಾಯಿಲಪ್ಪ ಒಳಗಿನಿಂದ ಬಂದು, ಬನ್ನಿ ಎಂದು ಕುರ್ಚಿ ಎಳೆದರು. ಎಂದೂ ಏನೂ ನಡೆದಿಲ್ಲವೆಂಬಂಥ ಆ ಉಪಚಾರದಲ್ಲಿ ಹಮೀದಾಕನಿಗೆ ಮಾತು ಶುರು ಮಾಡುವುದು ಕಷ್ಟವಾಯಿತು. ಕೊನೆಗೆ ಕಿಸೆಯಿಂದ ಕಿವಿ ಪರೀಕ್ಷೆಯ ಕಾಗದ ತೆಗೆದು ಕೈಗೆ ಕೊಟ್ಟರು.

"ವಯಸ್ಸಾದದ್ದು ನಿಮ್ಮ ಕಿವಿಗಲ್ಲ ಮಾಯಿಲಪ್ಪಣ್ಣ, ನನ್ನದಕ್ಕೆ. ನಾಲ್ಕು ಜನರ ಎದುರು ನಿಮಗೆ ಹಾಗೆ ಹೇಳಬಾರದಿತ್ತು."

ಮಾಯಿಲಪ್ಪ ಕನ್ನಡಕ ಹಾಕಿ ಗೆರೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಕಾಗದ ಮಡಚಿ ಹಿಂದೆ ಕೊಟ್ಟರು. ಚಾ ಕುಡಿಯುವ, ಆಮೇಲೆ ಆ ಚೀಲದಲ್ಲಿ ಏನುಂಟು ನೋಡುವ ಎಂದರು.

ಹಮೀದಾಕ ಒಂದು ತೂತಿಗೆ ಎರಡು ಹೆಡ್‌ಫೋನ್ ಸಿಕ್ಕಿಸುವ ಕವಲು ತಂತಿ ತಂದಿದ್ದರು. ಇಬ್ಬರೂ ಅಕ್ಕಪಕ್ಕ ಕೂತು ಒಂದೇ ಕ್ಯಾಸೆಟ್ಟು ಕೇಳಿದರು. ಮಾಯಿಲಪ್ಪ ಒಂದೊಂದನ್ನೇ ಇಟ್ಟು ಏನು ಕೇಳುತ್ತದೆ ಎಂದು ಹೇಳುತ್ತಾ ಹೋದರು. ಮೊದಲನೆಯದರಲ್ಲಿ ತಾಳ ಮುಂದೆ ಬಂದು ಕೂರುತ್ತದೆ, ಭಾಗವತರು ಹಿಂದೆ ಸರಿಯುತ್ತಾರೆ. ಎರಡನೆಯದರಲ್ಲಿ ಅರ್ಥಧಾರಿ ತುಟಿ ಒದ್ದೆ ಮಾಡಿಕೊಳ್ಳುವುದು ಕೂಡ ಕೇಳುತ್ತದೆ, ಅದು ಬೇಡ. ಮೂರನೆಯದೂ ಬೇಡ. ನಾಲ್ಕನೆಯದು ದೇರಾದ ಟ್ರಂಕಿನಲ್ಲಿ ಬಂದಿದ್ದ ಹಳೆಯ ಕಂದು ಬಣ್ಣದ್ದು. ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆಂದು ಹಮೀದಾಕ ಅದನ್ನು ಇಷ್ಟು ವರ್ಷ ಯಾರಿಗೂ ತೋರಿಸಿರಲಿಲ್ಲ. ಚೀಲದಲ್ಲಿ ಜಾಗ ಉಂಟೆಂದು ಹಾಕಿಕೊಂಡು ಬಂದದ್ದು. ಅದನ್ನಿಟ್ಟ ಮೇಲೆ ಮಾಯಿಲಪ್ಪ ಕ್ಯಾಸೆಟ್ಟಿನ ಒಂದು ಬದಿ ಮುಗಿಯುವವರೆಗೂ ಕಳಚಲಿಲ್ಲ. ಬೆರಳು ಮಾತ್ರ ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು.

ಆ ಹೊತ್ತಿಗೆ ಹಮೀದಾಕನ ಗಮನ ಬೇರೊಂದರ ಮೇಲೆ ಹೋಗಿತ್ತು. ಮಾತಿನ ಅಡಿಯಲ್ಲಿ, ತೀರ ತಳದಲ್ಲಿ ‘ಗುಂ’ ಎಂಬ ಒಂದು ಸದ್ದು ಬಿಡದೆ ಕೂತಿತ್ತು. ಕೇಳಿದಾಗ ಮಾಯಿಲಪ್ಪ, ಅದು ರೆಕಾರ್ಡಿನಲ್ಲೇ ಇರುವುದು, ಜನರೇಟರಿನದ್ದು ಇರಬೇಕು ಎಂದರು. ಹಮೀದಾಕ ಟೇಪು ನಿಲ್ಲಿಸಿದರು. ಗುಂ ನಿಲ್ಲಲಿಲ್ಲ. ಎದ್ದು ಆಂಪ್ಲಿಫೈಯರಿನ ಪ್ಲಗ್ಗು ಕಳಚಿ, ಸ್ಕ್ರೂ ತೆಗೆದು ನೋಡಿದರೆ ಒಳಗೆ ಕರೆಂಟನ್ನು ನೆಲಕ್ಕಿಳಿಸುವ ಅರ್ತಿನ ತಂತಿ ಬಿಟ್ಟುಹೋಗಿತ್ತು. ಬಾಗಿಲಲ್ಲಿ ನಿಂತಿದ್ದ ಸೇಸಮ್ಮನಿಗೆ ನಗು ತಡೆಯಲಾಗಲಿಲ್ಲ. ಮೂವತ್ತು ವರ್ಷ ಊರವರ ಮನೆಯ ಅರ್ತು ನೋಡಿದ ಮನುಷ್ಯ ಎಂದು ಹೇಳಿ ಸೆರಗು ಬಾಯಿಗೆ ಹಿಡಿದರು. ಮಾಯಿಲಪ್ಪ ತಾವೇ ಕೂತು ತಂತಿ ಬಿಗಿದರು, ಬಹಳ ಗಂಭೀರವಾಗಿ.

"ನಿಮಗೆ ಮೇಲಿನದ್ದು ಕೇಳುವುದಿಲ್ಲ, ನನಗೆ ಕೆಳಗಿನದ್ದು ಕೇಳುವುದಿಲ್ಲ" ಎಂದರು ಆಮೇಲೆ. "ನಮ್ಮಿಬ್ಬರನ್ನೂ ಸೇರಿಸಿದರೆ ಒಬ್ಬ ಮನುಷ್ಯನಿಗೆ ಸಾಕಾಗುವಷ್ಟು ಕಿವಿ ಉಂಟು ಮಾರಾಯ್ರೆ."

ಕಂದು ಬಣ್ಣದ್ದು ಪುತ್ತಿಗೆಯಲ್ಲೇ ಉಳಿಯಿತು, ಅಂದಿನಿಂದ ಅಂಗಡಿಯ ಪದ್ಧತಿಯೂ ಬದಲಾಯಿತು. ಅಂಗಡಿ ಮುಚ್ಚುವ ಯೋಚನೆಯೂ ಹಮೀದಾಕನಿಗೆ ಬಂದದ್ದುಂಟು. ಖತೀಜಮ್ಮ ಬಿಡಲಿಲ್ಲ. ಈಗ ಅವರು ಗಿರಾಕಿಯ ಮುಂದೆ ಒಂದಲ್ಲ, ಮೂರು ಇಡುತ್ತಾರೆ. ನಿಮಗೆ ತುಂಬ ಪರಿಚಯವಿರುವ ಹಾಡನ್ನೋ ಮಾತನ್ನೋ ಹಾಕಿ ಕೇಳಿ, ಕಡಿಮೆಯೆಂದರೂ ಕಾಲು ಗಂಟೆ ಕೇಳಿ, ಮೊದಲ ನಿಮಿಷದಲ್ಲಿ ಚೆಂದ ಅನಿಸಿದ್ದನ್ನು ನಂಬಬೇಡಿ ಎನ್ನುತ್ತಾರೆ. ಹೆಂಗಸರು ಬಂದರೆ ಜೊತೆಗೆ ಕೂತು ಕೇಳಲು ಖತೀಜಮ್ಮನಿಗೆ ಫೋನು ಹೋಗುತ್ತದೆ. ಮಂಗಳವಾರ ಮಾಯಿಲಪ್ಪ ಪುತ್ತಿಗೆಯಿಂದ ಬಂದು ಎರಡನೆಯ ಸ್ಟೂಲಿನಲ್ಲಿ ಕೂರುತ್ತಾರೆ. ಹೊಸ ಮಾಲು ಬಂದರೆ ಮೊದಲು ಅವರ ಕಿವಿ, ಆಮೇಲೆ ಹಮೀದಾಕನದ್ದು. ಇಬ್ಬರ ಅಭಿಪ್ರಾಯ ಒಂದಾದದ್ದು ಕಡಿಮೆ, ವಾದ ಮಾತ್ರ ತಾಳಮದ್ದಳೆಗೆ ಕಡಿಮೆಯಿಲ್ಲದ ಹಾಗೆ ನಡೆಯುತ್ತದೆ. ಕಿವಿ ಪರೀಕ್ಷೆಯ ಕಾಗದಕ್ಕೆ ಹಮೀದಾಕ ಚೌಕಟ್ಟು ಹಾಕಿಸಿ ಕೌಂಟರಿನ ಹಿಂದೆ ತೂಗುಹಾಕಿದ್ದಾರೆ. ಅದನ್ನು ನೋಡಿದರೆ ಗಿರಾಕಿಗಳು ಓಡುತ್ತಾರೆ ಎಂದು ಪಕ್ಕದ ಪಾತ್ರೆ ಅಂಗಡಿಯವರು ಬುದ್ಧಿ ಹೇಳಿದ್ದರು. ಯಾರೂ ಓಡಿಲ್ಲ.

ಕಳೆದ ತಿಂಗಳು ಬೆಳ್ತಂಗಡಿಯಿಂದ ಉನೈಸ್ ಎಂಬವನು ಬಂದ. ಕಾಲೇಜಿನಲ್ಲಿ ಪಾಠ ಹೇಳುವವನು, ಸ್ಟೂಲಿನಲ್ಲೂ ಬೈಕಿನ ಮೇಲೆ ಕೂತ ಹಾಗಿನ ಅವಸರದ ಮನುಷ್ಯ. ಅಂತರ್ಜಾಲದಲ್ಲಿ ಓದಿ ಒಂದು ಮಾದರಿಯ ಹೆಸರು ಬರೆದುಕೊಂಡು ತಂದಿದ್ದ, ಅದೇ ಬೇಕೆಂದ. ಗೋಡೆಯ ಕಾಗದ ಕಂಡು ಅದೇನೆಂದು ಕೇಳಿದ. ಹಮೀದಾಕ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹಾಗಾದರೆ ಯಾವುದು ಒಳ್ಳೆಯದೆಂದು ನೀವು ಹೇಗೆ ಹೇಳುತ್ತೀರಿ ಎಂದು ಅವನು ಕೇಳಿದ್ದು ಸಹಜವೇ. ನಾನು ಹೇಳುವುದಿಲ್ಲ, ನೀವೇ ಹೇಳಬೇಕು ಎಂದು ಹಮೀದಾಕ ಮೂರು ಪೆಟ್ಟಿಗೆ ಇಟ್ಟರು. ಉನೈಸ್ ಒಂದೂವರೆ ಗಂಟೆ ಕೂತ. ಬರೆದುಕೊಂಡು ತಂದದ್ದನ್ನೂ ಇಟ್ಟು ನೋಡಿದ, ಅದು ಅವನ ತಲೆಗೆ ಬಿಗಿಯಾಗುತ್ತಿತ್ತು. ಏನೂ ಕೊಳ್ಳದೆ, ಯೋಚಿಸುತ್ತೇನೆ ಎಂದು ಹೋದ.

ಮುಂದಿನ ಮಂಗಳವಾರ ಅವನು ಮತ್ತೆ ಬಂದ, ಜೊತೆಗೆ ಅವನ ತಾಯಿ. ಕಳೆದ ಸಲ ತಾನು ಕೇಳಿದ್ದನ್ನೆಲ್ಲ ಮನೆಯಲ್ಲಿ ವಿವರಿಸಿದ್ದನಂತೆ, ತಾಯಿಗೂ ಒಂದು ನೋಡುವ ಆಸೆಯಾಗಿತ್ತು. ಮಾಯಿಲಪ್ಪ ಎದ್ದು ಆಕೆಗೆ ಸ್ಟೂಲು ಬಿಟ್ಟುಕೊಟ್ಟರು. ಹಮೀದಾಕ ಖತೀಜಮ್ಮನಿಗೆ ಫೋನು ಹಚ್ಚಿ, ಬರುವಾಗ ಎರಡು ಜೋಡಿ ಟೊಪ್ಪಿ ಹಿಡಿದುಕೊಂಡು ಬಾ ಎಂದರು.